ಮಳೆ ಬಂದ ಮೇಲೆ ಕಾರ್ಪೆಟ್ ಒದ್ದೆ, ಒಳಗೆಲ್ಲ ಮುಗ್ಗಲು ವಾಸನೆ: ಪ್ಯಾನರಾಮಿಕ್ ಸನ್‌ರೂಫ್ ಇರುವ ಎಸ್‌ಯುವಿ

ಬೆಟ್ಟದ ದಾರಿ:

ಎಲ್ಲರಿಗೂ ನಮಸ್ಕಾರ. ನನ್ನದು ಐದು ಸೀಟಿನ ಮಧ್ಯಮ ಗಾತ್ರದ ಎಸ್‌ಯುವಿ. ಲೆದರ್ ಸೀಟು, ದಪ್ಪ ಕಾರ್ಪೆಟ್, ಮೇಲೆ ದೊಡ್ಡ ಗಾಜಿನ ಸನ್‌ರೂಫ್ ಇರುವ ಟಾಪ್ ಮಾಡೆಲ್. ವಾರಂಟಿ ಮುಗಿದಿದೆ. ಇಲ್ಲಿಯವರೆಗೆ ಒಂದು ತೊಂದರೆಯೂ ಕೊಟ್ಟಿರಲಿಲ್ಲ.

ಈಗ ಡ್ರೈವರ್ ಪಕ್ಕದ ಸೀಟಿನಲ್ಲಿ ಕಾಲಿಡುವ ಜಾಗ ಒದ್ದೆಯಾಗುತ್ತಿದೆ. ಮೇಲೆ ಮುಟ್ಟಿದರೆ ಸ್ವಲ್ಪ ತಣ್ಣಗಿದೆ ಅನ್ನಿಸುತ್ತದೆ, ಅಷ್ಟೇ. ಹೆಬ್ಬೆರಳಿನಿಂದ ಒತ್ತಿದರೆ ಬೆರಳಿನ ಸುತ್ತ ನೀರು ಉಕ್ಕುತ್ತದೆ. ಬೆಳಿಗ್ಗೆ ಗಾಜುಗಳು ಒಳಗಿನಿಂದ ಮಂಜು ಕಟ್ಟಿರುತ್ತವೆ. ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ. ಸೀಲಿಂಗ್ ಬಟ್ಟೆಯ ಮುಂದಿನ ಮೂಲೆಯಲ್ಲಿ ಕಂದು ಬಣ್ಣದ ಕಲೆ ಶುರುವಾಗಿದೆ.

ಸರ್ವಿಸ್ ಸೆಂಟರಿನಲ್ಲಿ ತೋರಿಸಿದೆ. ಸನ್‌ರೂಫ್ ರಬ್ಬರ್ ಹಾಳಾಗಿದೆ, ಇಡೀ ಅಸೆಂಬ್ಲಿ (ಗಾಜು, ಚೌಕಟ್ಟು ಎಲ್ಲ ಸೇರಿದ ಸೆಟ್) ಬದಲಾಯಿಸಬೇಕು ಎಂದರು. ಹೊರಗಿನ ಗ್ಯಾರೇಜಿನವರು ಗಾಜಿನ ಸುತ್ತ ಸಿಲಿಕಾನ್ ಹಾಕಿ ಮುಚ್ಚಿಬಿಡೋಣ ಎನ್ನುತ್ತಾರೆ. ಎರಡಕ್ಕೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಹಳೇ ಸ್ಪ್ಯಾನರ್:

ಸಿಲಿಕಾನ್ ಮಾತ್ರ ಬೇಡವೇ ಬೇಡ. ಅಸೆಂಬ್ಲಿಯ ಮಾತು ಆಮೇಲೆ.

ಸನ್‌ರೂಫ್ ರಬ್ಬರ್ ಒಂದೇ ಒಂದು ಹನಿಯನ್ನೂ ಬಿಡಬಾರದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸ್ವಲ್ಪ ನೀರು ಒಳಗೆ ಇಳಿದೇ ಇಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಇದನ್ನು ಮಾಡಿರುತ್ತಾರೆ. ಗಾಜಿನ ಕೆಳಗೆ ಸೂರಿನ ದೋಣಿಯ ಹಾಗೆ ಒಂದು ಟ್ರೇ ಇರುತ್ತದೆ. ಸಾಮಾನ್ಯವಾಗಿ ಅದರ ನಾಲ್ಕು ಮೂಲೆಗಳಿಂದ ಬೆರಳಿಗಿಂತ ಸಣ್ಣ ಪೈಪುಗಳು ಇಳಿಯುತ್ತವೆ. ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಪಿಲ್ಲರ್ ಒಳಗೆ, ಹಿಂದಿನ ಎರಡು ಹಿಂಭಾಗದ ಪಿಲ್ಲರ್ ಒಳಗೆ. ನೀರು ಹಾಗೇ ಗಾಡಿಯ ಹೊರಗೆ ಹೋಗಿಬಿಡುತ್ತದೆ. ಪೈಪ್ ಕಟ್ಟಿಕೊಂಡರೆ ಟ್ರೇ ತುಂಬಿ ಅಂಚು ದಾಟುತ್ತದೆ. ಮೊದಲು ಸೀಲಿಂಗ್ ಬಟ್ಟೆ ನೆನೆಯುತ್ತದೆ, ಆಮೇಲೆ ಪಿಲ್ಲರ್ ಹಿಡಿದು ಕಾರ್ಪೆಟ್ಟಿಗೆ ಇಳಿಯುತ್ತದೆ. ನಿಮ್ಮ ಕಂದು ಕಲೆ ನೋಡಿದರೆ ಇದೇ ಇರಬೇಕು. ಆದರೆ ಸುಮ್ನೆ ಊಹೆ ಮೇಲೆ ಗಾಡಿ ಬಿಚ್ಚಬೇಡಿ. ಮಳೆ ಇಲ್ಲದ ದಿನವೂ ಒದ್ದೆಯಾಗುತ್ತದಾ? ಗಾಡಿ ನಿಲ್ಲಿಸುವ ಜಾಗ ಇಳಿಜಾರಾ? ಇದೆರಡು ಮೊದಲು ಹೇಳಿ.

ತಂಗಾಳಿ:

ಎಸಿ ಕಡೆಯೂ ಒಮ್ಮೆ ನೋಡಿಬಿಡಿ. ಎಸಿ ಹಾಕಿದಾಗ ಗಾಡಿಯ ಕೆಳಗೆ ನೀರು ತೊಟ್ಟಿಕ್ಕಬೇಕು. ಸೆಕೆ ದಿನದಲ್ಲಿ ತುಂಬಾ ಹೊತ್ತು ಎಸಿ ಹಾಕಿದರೂ ಕೆಳಗೆ ಒಂದು ಹನಿ ಬೀಳದಿದ್ದರೆ ಅದರ ಡ್ರೈನ್ (ನೀರು ಹೊರಹೋಗುವ ಪೈಪ್) ಕಟ್ಟಿರಬಹುದು, ಆ ನೀರು ಒಳಗೆ ಬರುತ್ತಿರಬಹುದು. ಅದು ತಿಳಿ ನೀರು, ವಾಸನೆ ಇರುವುದಿಲ್ಲ.

ನೀರು ಸ್ವಲ್ಪ ಅಂಟಂಟಾಗಿ ಸಿಹಿ ವಾಸನೆ ಬಂದರೆ, ಕೂಲಂಟ್ (ಎಂಜಿನ್ ತಂಪು ಮಾಡುವ ಬಣ್ಣದ ದ್ರವ) ಮಟ್ಟವೂ ಇಳಿಯುತ್ತಿದ್ದರೆ, ಹೀಟರ್ ಕೋರ್, ಅಂದರೆ ಆ ದ್ರವದ ಬಿಸಿಯಿಂದ ಒಳಗಿನ ಗಾಳಿ ಬಿಸಿ ಮಾಡುವ ಭಾಗ, ಸೋರುತ್ತಿರಬಹುದು. ಹಾಗಿದ್ದರೆ ಅದರ ದಾರಿಯೇ ಬೇರೆ, ತಡ ಮಾಡುವಂತಿಲ್ಲ. ಬಿಳಿ ಟಿಶ್ಯೂ ಒತ್ತಿ ತೆಗೆಯಿರಿ. ಬಣ್ಣ ಹತ್ತಿದರೆ ಗೊತ್ತಾಗುತ್ತದೆ.

ಬೆಟ್ಟದ ದಾರಿ:

ಟಿಶ್ಯೂ ಒತ್ತಿ ನೋಡಿದೆ. ಕೂಲಂಟ್ ಬಣ್ಣ ಇಲ್ಲ, ಅಂಟೂ ಇಲ್ಲ, ಸಿಹಿ ವಾಸನೆಯೂ ಇಲ್ಲ. ಸ್ವಲ್ಪ ಮಣ್ಣು ಬಣ್ಣ ಬಂತು. ಕೂಲಂಟ್ ಮಟ್ಟ ಸರಿಯಾಗಿದೆ. ಎಸಿ ಹಾಕಿದರೆ ಕೆಳಗೆ ಚೆನ್ನಾಗಿ ನೀರು ಬೀಳುತ್ತದೆ. ಮಳೆ ಬಂದರೆ ಅಥವಾ ಗಾಡಿ ತೊಳೆದರೆ ಮಾತ್ರ ಒದ್ದೆ. ನಿಲ್ಲಿಸುವ ಜಾಗ ಇಳಿಜಾರು, ಮೂತಿ ಕೆಳಗಿರುತ್ತದೆ. ಪಕ್ಕದಲ್ಲೇ ದೊಡ್ಡ ಮರ.

ಹಳೇ ಸ್ಪ್ಯಾನರ್:

ಮೂತಿ ಕೆಳಗೆ ಎಂದರೆ ಟ್ರೇಯ ನೀರೆಲ್ಲ ಮುಂದಿನ ಮೂಲೆಗಳಿಗೆ ಬರುತ್ತದೆ. ಮರದ ಹೂವು, ಎಲೆ ಪುಡಿ, ಧೂಳು ಎಲ್ಲ ಸೇರಿ ಪೈಪಿನ ಬಾಯಲ್ಲಿ ಕೆಸರು ಕಟ್ಟಿರುತ್ತದೆ. ಅಸೆಂಬ್ಲಿ ಬದಲಾಯಿಸಿದರೂ ಪೈಪ್ ಹಳೆಯದೇ ಉಳಿದರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ.

ಹೀಗೆ ಮಾಡಿ. ಗಾಡಿಯನ್ನು ಸಮತಟ್ಟು ಜಾಗಕ್ಕೆ ತಂದು ಸನ್‌ರೂಫ್ ಪೂರ್ತಿ ತೆರೆಯಿರಿ. ಮುಂದಿನ ಮೂಲೆಯಲ್ಲಿ ಟ್ರೇ ಕಾಣುತ್ತದೆ, ಅದರಲ್ಲಿ ಸಣ್ಣ ತೂತು ಇರುತ್ತದೆ. ಸುತ್ತಲಿನ ಕಸವನ್ನು ಒದ್ದೆ ಬಟ್ಟೆಯಲ್ಲಿ ಎತ್ತಿಕೊಳ್ಳಿ, ತೂತಿನ ಒಳಗೆ ತಳ್ಳಬೇಡಿ. ಚಿಕ್ಕ ಬಾಟಲಿಯಿಂದ ನಿಧಾನವಾಗಿ ನೀರು ಬಿಡಿ, ಒಂದು ಸಲಕ್ಕೆ ಅರ್ಧ ಲೋಟಕ್ಕಿಂತ ಜಾಸ್ತಿ ಬೇಡ. ಇನ್ನೊಬ್ಬರು ಕೆಳಗೆ ನೋಡುತ್ತಿರಲಿ. ಮುಂದಿನ ಪೈಪಿನ ಬಾಯಿ ಸಾಮಾನ್ಯವಾಗಿ ಮುಂದಿನ ಚಕ್ರದ ಹಿಂದೆ ಅಥವಾ ಬಾಗಿಲಿನ ಹಿಂಜ್ ಹತ್ತಿರ ಇರುತ್ತದೆ, ಮಾಡೆಲ್ ಮೇಲೆ ಹೋಗುತ್ತದೆ. ಎರಡೂ ಕಡೆ ಹೋಲಿಸಿ ನೋಡಿ. ಸರಿಯಿರುವ ಕಡೆ ನೀರು ಕೂಡಲೇ ಇಳಿಯುತ್ತದೆ, ಕಟ್ಟಿದ ಕಡೆ ಅಲ್ಲೇ ನಿಲ್ಲುತ್ತದೆ. ನಿಂತರೆ ಮತ್ತೆ ಸುರಿಯಬೇಡಿ.

ಬಿಡಿಸಲು ಹುಲ್ಲು ಕತ್ತರಿಸುವ ಮಷೀನಿನ ನೈಲಾನ್ ದಾರ ಒಳ್ಳೆಯದು. ತುದಿಯನ್ನು ಸ್ವಲ್ಪ ಬಿಸಿ ಮಾಡಿ ಗುಂಡಗೆ ಮಾಡಿಕೊಳ್ಳಿ. ಇಲ್ಲದಿದ್ದರೆ ಪೈಪಿನ ಒಳಗೋಡೆಗೆ ಚುಚ್ಚುತ್ತದೆ. ತಿರುಗಿಸುತ್ತಾ ನಿಧಾನವಾಗಿ ಬಿಡಿ. ಕಬ್ಬಿಣದ ತಂತಿ ಬೇಡ.

ಗಾಜಿನ ಮನೆ:

ಒಂದು ಮಾತು ಸೇರಿಸುತ್ತೇನೆ, ದಯವಿಟ್ಟು ಗಮನಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಊದಲು ಯಾರಿಗೂ ಬಿಡಬೇಡಿ. ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಹಾಗೆ ಮಾಡಿದರು. ಟ್ರೇಗೆ ಸಿಕ್ಕಿಸಿದ ಜಾಗದಿಂದಲೇ ಪೈಪ್ ಕಳಚಿಕೊಂಡಿತು. ಮೊದಲು ಮೂಲೆಯಲ್ಲಿ ಹನಿ ಬೀಳುತ್ತಿತ್ತು, ಆಮೇಲೆ ಧಾರೆಯಾಗಿ ಸುರಿಯಿತು. ಮತ್ತೆ ಸಿಕ್ಕಿಸಲು ಸೀಲಿಂಗ್ ಬಟ್ಟೆ ಇಳಿಸಬೇಕಾಯಿತು. ಪಿಲ್ಲರ್ ಕವರ್ ಹಿಂದೆ ಕರ್ಟನ್ ಏರ್‌ಬ್ಯಾಗ್ (ಕಿಟಕಿ ಪಕ್ಕ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್) ಇರುತ್ತದೆ, ಆದ್ದರಿಂದ ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಪೈಪಿನ ಕೆಳತುದಿಯನ್ನೂ ನೋಡಿ. ಕೆಲವು ಗಾಡಿಗಳಲ್ಲಿ ಅಲ್ಲೊಂದು ರಬ್ಬರ್ ಮೂತಿ ಇರುತ್ತದೆ. ಧೂಳು, ಹುಳ ಒಳಗೆ ಬರದಿರಲಿ ಎಂದು ಅದರ ತುಟಿ ಮುಚ್ಚಿಕೊಂಡಿರುತ್ತದೆ, ನೀರು ಬಂದಾಗ ಮಾತ್ರ ತೆರೆಯುತ್ತದೆ. ಕೆಸರು ಜಾಸ್ತಿ ನಿಲ್ಲುವುದೇ ಅಲ್ಲಿ. ಬೆರಳಿನಿಂದ ಮೆಲ್ಲಗೆ ಹಿಸುಕಿದರೆ ಸಾಕು.

ಬೆಟ್ಟದ ದಾರಿ:

ಸಿಕ್ಕಿತು! ಡ್ರೈವರ್ ಕಡೆ ನೀರು ಸುರಿದ ಕೂಡಲೇ ಚಕ್ರದ ಹಿಂದೆ ಬಿತ್ತು. ಪಕ್ಕದ ಸೀಟಿನ ಕಡೆ ಹಾಗೇ ನಿಂತಿತು. ನೈಲಾನ್ ದಾರ ಒಂದು ಹಂತದವರೆಗೆ ಸಲೀಸಾಗಿ ಹೋಯಿತು, ಆಮೇಲೆ ಮೆತ್ತಗೆ ಏನೋ ತಡೆಯಿತು. ಕೆಳಗಿನ ರಬ್ಬರ್ ಮೂತಿ ಹಿಸುಕಿದೆ. ಮೊದಲು ಕಪ್ಪು ಕೆಸರಿನ ಒಂದು ಉಂಡೆ, ಅದರ ಹಿಂದೆ ಕೊಳೆತ ಎಲೆ, ಆಮೇಲೆ ಚಹಾದಂಥ ನೀರು ಜರ್ರನೆ ಬಂತು. ಈಗ ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುತ್ತಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇನ್ನು ಕಾರ್ಪೆಟ್ ಬಿಸಿಲಲ್ಲಿ ಬಾಗಿಲು ತೆರೆದಿಟ್ಟರೆ ಒಣಗುತ್ತದೆ ಅಲ್ವಾ?

ಹಳೇ ಸ್ಪ್ಯಾನರ್:

ಒಣಗುವುದಿಲ್ಲ. ನನ್ನ ಪ್ರಕಾರ ಸೋರಿಕೆಗಿಂತ ಇದೇ ದೊಡ್ಡ ವಿಷಯ.

ಇಂಥ ಗಾಡಿಗಳಲ್ಲಿ ರಸ್ತೆಯ ಸದ್ದು ಕೇಳದಿರಲಿ ಎಂದು ಕಾರ್ಪೆಟ್ ಕೆಳಗೆ ದಪ್ಪ ಫೋಮ್ ಹಾಕಿರುತ್ತಾರೆ. ಅದು ಲೀಟರುಗಟ್ಟಲೆ ನೀರು ಹಿಡಿದುಕೊಳ್ಳುತ್ತದೆ. ಮೇಲ್ಪದರ ಒಣಗಿ ಕೈಗೆ ಬೆಚ್ಚಗಿರುತ್ತದೆ, ಕೆಳಗೆ ಫೋಮ್ ತಿಂಗಳುಗಟ್ಟಲೆ ನೆಂದೇ ಇರುತ್ತದೆ. ನಿಮ್ಮ ಗಾಜು ಮಂಜು ಕಟ್ಟುವುದು, ವಾಸನೆ ಎರಡೂ ಅಲ್ಲಿಂದಲೇ. ಫೋಮ್ ಕೆಳಗೆ ವೈರಿಂಗ್ ಹಾದುಹೋಗುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಸೀಟಿನ ಕೆಳಗೆ ಆಂಪ್ಲಿಫಯರ್ ಅಥವಾ ಬೇರೆ ಕಂಟ್ರೋಲ್ ಯೂನಿಟ್ ಕೂತಿರುತ್ತದೆ. ಅದರ ಪಿನ್‌ಗಳು ಹಸಿರು ಹಿಡಿದರೆ ಆಮೇಲೆ ಸಂಬಂಧವೇ ಇಲ್ಲದ ವಾರ್ನಿಂಗ್ ಲೈಟುಗಳು ಬರುತ್ತವೆ, ಬ್ಯಾಟರಿ ಇಳಿಯುತ್ತದೆ. ಮೂಲ ಕಾರಣ ನೀರು ಎಂದು ಯಾರಿಗೂ ಹೊಳೆಯುವುದಿಲ್ಲ.

ಆದ್ದರಿಂದ ಸೀಟು ತೆಗೆಸಿ, ಬಾಗಿಲಿನ ಕೆಳಗಿನ ಪಟ್ಟಿ ಬಿಚ್ಚಿಸಿ, ಕಾರ್ಪೆಟ್ ಎತ್ತಿ ಕೆಳಗೆ ಏನಾದರೂ ಒತ್ತು ಕೊಟ್ಟು ಫ್ಯಾನ್ ಗಾಳಿ ಒಳಗೆ ಹೋಗುವಂತೆ ಮಾಡಿ. ಅದಕ್ಕೂ ಮೊದಲು ನೀರು ಹೀರುವ ವ್ಯಾಕ್ಯೂಮ್ ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ.

ಬೆಟ್ಟದ ದಾರಿ:

ಸೀಟು ನಾನೇ ತೆಗೆಯಬಹುದಾ? ನಾಲ್ಕು ಬೋಲ್ಟ್ ಕಾಣುತ್ತಿದೆ.

ಗಾಜಿನ ಮನೆ:

ಬೋಲ್ಟ್ ಸುಲಭ. ಕಷ್ಟ ಇರುವುದು ಹಳದಿ ಕನೆಕ್ಟರಿನಲ್ಲಿ. ಹಳದಿ ಅಂದರೆ ಸಾಮಾನ್ಯವಾಗಿ ಏರ್‌ಬ್ಯಾಗ್ ಅಥವಾ ಸೀಟ್‌ಬೆಲ್ಟ್ ಟೆನ್ಷನರ್ (ಡಿಕ್ಕಿಯಾದಾಗ ಬೆಲ್ಟ್ ಬಿಗಿಯುವ ಭಾಗ). ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಮಾಲೀಕರ ಕೈಪಿಡಿ ಅಥವಾ ವರ್ಕ್‌ಶಾಪ್ ಮ್ಯಾನುಯಲ್ ಹೇಳುವಷ್ಟು ಹೊತ್ತು ಕಾಯದೆ ಅದನ್ನು ಮುಟ್ಟಬಾರದು. ಕನೆಕ್ಟರ್ ಬಿಚ್ಚಿರುವಾಗ ಇಗ್ನಿಷನ್ ಹಾಕಿದರೆ ಏರ್‌ಬ್ಯಾಗ್ ಲೈಟ್ ಬಂದು ಹಾಗೇ ಉಳಿಯಬಹುದು, ಆಮೇಲೆ ಸ್ಕ್ಯಾನರ್ ಹಾಕಿಯೇ ತೆಗೆಸಬೇಕು. ಇದರಲ್ಲಿ ಅನುಭವ ಇಲ್ಲದಿದ್ದರೆ ಒಳ್ಳೆಯ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಬೆಟ್ಟದ ದಾರಿ:

ಎಲೆಕ್ಟ್ರಿಷಿಯನ್ ಹತ್ತಿರವೇ ತೆಗೆಸಿದೆ. ಸೀಟಿನ ಕೆಳಗೆ ಆಂಪ್ಲಿಫಯರ್ ಇತ್ತು, ಅದೃಷ್ಟಕ್ಕೆ ಪಿನ್‌ಗಳು ಇನ್ನೂ ಹೊಳೆಯುತ್ತಿವೆ. ಫೋಮ್ ಹಿಂಡಿದರೆ ನೀರು ಸುರಿಯುತ್ತಿತ್ತು. ಈಗ ಕಾರ್ಪೆಟ್ ಎತ್ತಿ ಫ್ಯಾನ್ ಇಟ್ಟಿದ್ದೇನೆ. ಮುಂದೆ ಎಷ್ಟು ದಿನಕ್ಕೊಮ್ಮೆ ಪೈಪ್ ನೋಡಬೇಕು?

ಹಳೇ ಸ್ಪ್ಯಾನರ್:

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಮರದ ಕೆಳಗೆ ನಿಲ್ಲಿಸುವುದು ತಪ್ಪದಿದ್ದರೆ ಗಾಡಿ ತೊಳೆಯುವಾಗೆಲ್ಲ ಟ್ರೇ ಒರೆಸಿಕೊಳ್ಳಿ. ರಬ್ಬರ್‌ಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಪೆಟ್ರೋಲಿಯಂ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬುತ್ತದೆ. ಫೋಮ್ ಪೂರ್ತಿ ಒಣಗುವವರೆಗೆ ಸೀಟು ಕೂರಿಸಬೇಡಿ, ಎಲೆಕ್ಟ್ರಿಷಿಯನ್ ಎಷ್ಟೇ ಅವಸರ ಮಾಡಿದರೂ.