ಕಪ್ಪು ಕಾಫಿ ಕುಡಿದು ತೂಕ ಇಳಿಸಿದವರು ಇದ್ದೀರಾ? ಅನುಭವ ಹೇಳಿ

ತುಮಕೂರು ಟೀಚರ್
ನನಗೆ 47. ಎತ್ತರ 158 ಸೆಂ.ಮೀ., ತೂಕ 74 ಕೆಜಿ. ಎರಡು ವರ್ಷದಲ್ಲಿ ಎಂಟು ಕೆಜಿ ಏರಿದೆ, ಎಲ್ಲ ಸೊಂಟಕ್ಕೇ. ಮುಟ್ಟು ಏರುಪೇರಾಗಿದೆ. ಥೈರಾಯ್ಡ್ ಮಾತ್ರೆ ನಡೆಯುತ್ತಿದೆ. ದಿನಕ್ಕೆ ಐದು ಲೋಟ ಹಾಲು ಹಾಕಿದ ಕಾಫಿ ಬೇಕು. ವಾಕಿಂಗಿಗೆ ಮುಂಚೆ ಬರಿಹೊಟ್ಟೆಯಲ್ಲಿ ಕಪ್ಪು ಕಾಫಿ ಕುಡಿದರೆ ಕೊಬ್ಬು ಕರಗುತ್ತದೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ನಿಜವೇ? ಊಟದಲ್ಲಿ ನೀವು ಏನು ಬದಲಿಸಿದಿರಿ?

ಬೆಣ್ಣೆದೋಸೆ ಬಿಟ್ಟವನು
ವಯಸ್ಸು 52, ದಾವಣಗೆರೆ. 91ರಿಂದ 80ಕ್ಕೆ ಬಂದೆ. ಹದಿನಾಲ್ಕು ತಿಂಗಳು ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಲೆಕ್ಕ ಇದೆ. ಮೊದಲು ಆರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಒಂದು ದಿನ ತಕ್ಕಡಿ ತಂದು ತೂಗಿದೆ. ನಮ್ಮ ಮನೆ ಚಮಚ ಐದು ಗ್ರಾಂ. ದಿನಕ್ಕೆ 60 ಗ್ರಾಂ, ಅಂದರೆ 240 ಕ್ಯಾಲೊರಿ. ತಿಂಗಳಿಗೆ 1,800 ಗ್ರಾಂ ಸಕ್ಕರೆ ಬರೀ ಕಾಫಿಗೆ! ಹಾಲಿನದು ಬೇರೆ. ಒಂದೂವರೆ ಚಮಚ, ಒಂದು, ಅರ್ಧ ಎಂದು ಇಳಿಸುತ್ತಾ ಸೊನ್ನೆಗೆ ತರಲು ನಾಲ್ಕು ತಿಂಗಳು. ಮೂರನೆಯ ತಿಂಗಳು ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ. ಮಗಳ ಮದುವೆಯಲ್ಲಿ ಎರಡು ಕೆಜಿ ವಾಪಸ್ ಬಂತು, ಹೋಳಿಗೆ ಬಿಡಲಾಗಲಿಲ್ಲ. ಈಗ ದಿನಕ್ಕೆ ಎರಡೇ ಲೋಟ, ಕಪ್ಪು. ಮನಸ್ಸಿದ್ದರೆ ಯಾರು ಬೇಕಾದರೂ ಮಾಡಬಹುದು.

ಅರ್ಧ ಲೋಟ
"ಮನಸ್ಸಿದ್ದರೆ" ಎಂದದ್ದು ಓದಿ ಮೈ ಉರಿಯಿತು. ನಿಮಗೆ ಮುಟ್ಟು ನಿಲ್ಲುವ ಕಾಟ ಇಲ್ಲ, ಅಲ್ವಾ? ನನಗೆ 49. ದಿನಕ್ಕೆ ಒಂದೇ ಊಟ, ಹಸಿವಾದಾಗಲೆಲ್ಲ ಕಪ್ಪು ಕಾಫಿ. ಒಂದು ಡಯಟ್ ಸೆಂಟರಿನವರು 18,000 ರೂಪಾಯಿ ತೆಗೆದುಕೊಂಡು ಹೇಳಿಕೊಟ್ಟ ವಿದ್ಯೆ ಇದು. ಮೂರು ತಿಂಗಳಲ್ಲಿ 13 ಕೆಜಿ ಇಳಿದೆ. ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾಲ್ಕನೆಯ ತಿಂಗಳು, ರಾತ್ರಿ ಎರಡು ಗಂಟೆಗೆ ಬಲಪಕ್ಕೆಯ ಕೆಳಗೆ ನೋವು. ಬೆನ್ನಿಗೆ ಹೊಡೆಯಿತು. ಹೆರಿಗೆ ನೋವೇ ವಾಸಿ. ಸ್ಕ್ಯಾನ್ ಮಾಡಿದರೆ ಪಿತ್ತಕೋಶದಲ್ಲಿ ಕಲ್ಲು. ತೂಕ ತೀರಾ ಬೇಗ ಇಳಿದರೆ ಹೀಗೆ ಕಲ್ಲು ಕಟ್ಟುವುದುಂಟು ಎಂದು ಸರ್ಜನ್ ಹೇಳಿದರು. ದುಡ್ಡು ತೆಗೆದುಕೊಂಡವರು ಹೇಳಲಿಲ್ಲ. ಆಪರೇಷನ್ 1,38,000. ವಿಮೆ ಕೊಟ್ಟದ್ದು 92,000. ಕೈಗವಸು, ಹತ್ತಿ, ಸಿರಿಂಜು ಎಂದು 11,400 ಕತ್ತರಿಸಿದರು. ಮಿಕ್ಕದ್ದು ರೂಮ್ ಬಾಡಿಗೆ ಮಿತಿ ಮೀರಿದ್ದಕ್ಕಂತೆ. ತಲೆ ಬಾಚಿದರೆ ಕೂದಲು ಹಿಡಿ ಹಿಡಿ ಬರುತ್ತಿತ್ತು. ತೂಕ ಒಂಬತ್ತು ಕೆಜಿ ವಾಪಸ್. ಕೂದಲು ಮಾತ್ರ ವಾಪಸ್ ಬಂದಿಲ್ಲ.

ಮಂಡ್ಯ ಮುದ್ದೆ
ಕಾಫಿ ಸಹವಾಸವೇ ಬೇಡ. ಅನ್ನ ಬಿಟ್ಟು ಎರಡು ಹೊತ್ತು ರಾಗಿ ಮುದ್ದೆ, ಉಪ್ಪುಸಾರು. ಆರು ಕೆಜಿ ಇಳಿದೆ. ನಮ್ಮ ತಾತ ಮುದ್ದೆ ಉಂಡು 88 ವರ್ಷ ಬದುಕಿದರು. ಅವರಿಗೆ ಹೊಟ್ಟೆ ಅನ್ನುವುದೇ ಇರಲಿಲ್ಲ.

ಬೆಣ್ಣೆದೋಸೆ ಬಿಟ್ಟವನು
100 ಗ್ರಾಂ ರಾಗಿ ಹಿಟ್ಟಿನಲ್ಲಿ 320ರ ಮೇಲೆಯೇ ಕ್ಯಾಲೊರಿ ಇದೆ ಸ್ವಾಮಿ. ಅಕ್ಕಿಯಲ್ಲಿ 350ರ ಆಸುಪಾಸು. ನಾರು, ಕ್ಯಾಲ್ಸಿಯಂ ಜಾಸ್ತಿ, ಹೊಟ್ಟೆ ತಡೆಯುತ್ತದೆ, ಒಪ್ಪಿದೆ. ಹಾಗಂತ ಎರಡು ಮುದ್ದೆ ಬಡಿದರೆ ಲೆಕ್ಕ ಒಂದೇ. ನಿಮ್ಮ ತಾತ ನೇಗಿಲು ಹಿಡಿದಿದ್ದರು. ನೀವು ಹಿಡಿದಿರುವುದು ರಿಮೋಟು.

ಮಂಡ್ಯ ಮುದ್ದೆ
ತಾತನ ವಿಷಯಕ್ಕೆ ಬರಬೇಡಿ. ಮದುವೆಯಲ್ಲಿ ಹೋಳಿಗೆ ಎಷ್ಟು ತಿಂದಿರಿ ಎಂದು ನಾವು ಕೇಳಿದೆವೇ?

ಎಡಿಸನ್ ಕನ್ನಡಿಗ
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಾನು ಕಾಫಿಗೆ ನಿಲ್ಲಲಿಲ್ಲ, ಮಾತ್ರೆಗೇ ಹೋದೆ. ಒಂದರಲ್ಲಿ 200 ಮಿಲಿಗ್ರಾಂ ಕೆಫೀನ್. ಬೆಳಿಗ್ಗೆ ಒಂದು, ಮಧ್ಯಾಹ್ನ ಮೂರಕ್ಕೆ ಜಿಮ್ಮಿಗೆ ಮುಂಚೆ ಇನ್ನೊಂದು. ಆಫೀಸಿನ ಮೂರು ಮಗ್ ಬೇರೆ. ದಿನಕ್ಕೆ 400 ಮಿಲಿಗ್ರಾಂ ದಾಟಬೇಡಿ ಎಂದು ಇಲ್ಲಿಯ ಆಹಾರ-ಔಷಧ ಇಲಾಖೆ ಎಫ್‌ಡಿಎ ಹೇಳುತ್ತದೆ. ನಾನು ಗುಣಿಸಿ ನೋಡಿದ್ದು ಆಸ್ಪತ್ರೆಯ ಮಂಚದ ಮೇಲೆ. ಮೂರಕ್ಕೆ ನುಂಗಿದ್ದರಲ್ಲಿ ಅರ್ಧದಷ್ಟು ರಾತ್ರಿ ಎಂಟಕ್ಕೂ ಮೈಯಲ್ಲೇ ಇರುತ್ತದಂತೆ. ನಾಲ್ಕು ಗಂಟೆ ನಿದ್ದೆ, ಮರುದಿನ ರಾಕ್ಷಸ ಹಸಿವು, ಎರಡು ತಟ್ಟೆ ಬಿಸಿಬೇಳೆಭಾತ್. ಒಂದು ರಾತ್ರಿ ಎದೆ ಡೊಳ್ಳು ಬಾರಿಸಿದಂತೆ ಬಡಿದುಕೊಂಡಿತು. ವಿಮೆ ಕಳೆದು ಕೈಯಿಂದ 2,340 ಡಾಲರ್. ಇಳಿದದ್ದು ಎರಡು ಕೆಜಿ. ನೀವೇ ಭಾಗಿಸಿ ನೋಡಿ.
ಅಂದಹಾಗೆ, ವಯಸ್ಸಾಯಿತು ಎಂದು ನೆಪ ಹೇಳುವವರಿಗೆ: 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹುಡುಕಿ. 6,400ಕ್ಕೂ ಹೆಚ್ಚು ಜನರನ್ನು ನೋಡಿದ್ದಾರೆ. ಮೈ ಗಾತ್ರದ ಲೆಕ್ಕ ತೆಗೆದರೆ 20ರಿಂದ 60ರವರೆಗೆ ದೇಹ ಸುಡುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಅರ್ಧ ಲೋಟ
ನೆಪ? ಮಾತ್ರೆ ನುಂಗಿ ಆಸ್ಪತ್ರೆ ಸೇರಿದವರು ನನಗೆ ಪಾಠ ಹೇಳುತ್ತಿದ್ದಾರೆ. ಸರಿ.

ಮಲೆನಾಡ ತೋಟ
ಇಷ್ಟು ಹೊತ್ತು ಕಾಫಿ ಕಾಫಿ ಎಂದಿರಿ. ಯಾವ ಕಾಫಿ ಎಂದು ಒಬ್ಬರೂ ಹೇಳಲಿಲ್ಲ. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಪುಡಿಗೆ ಬೆರೆಸುವ ಚಿಕೋರಿ ಗೆಡ್ಡೆಯಲ್ಲಿ ಸೊನ್ನೆ. ಪುಡಿಯಲ್ಲಿ 49%ವರೆಗೆ ಚಿಕೋರಿ ಬೆರೆಸಲು ಕಾನೂನೇ ಬಿಡುತ್ತದೆ. ಆ ಗೆಡ್ಡೆಯ ಕಷಾಯ ಕುಡಿದು ಕೆಫೀನ್ ಕೊಬ್ಬು ಕರಗಿಸಿತು ಎಂದರೆ ನಗು ಬರುತ್ತದೆ. ಇನ್ನು ನನ್ನ ಕಥೆ. ವಯಸ್ಸು 55, ಮೂಡಿಗೆರೆ ಕಡೆ ತೋಟ, ಬುದ್ಧಿ ಬಂದಾಗಿನಿಂದ ಕಾಫಿ, ತೂಕ 88. ಕಾಫಿಯಿಂದ ತೂಕ ಇಳಿಯುವುದಾದರೆ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಬ್ಬರಿಗೂ ಹೊಟ್ಟೆ ಇರಬಾರದಿತ್ತು.

ಮೈಸೂರು 60:40
ಗೆಡ್ಡೆಯ ಕಷಾಯವೇ? ಚಿಕೋರಿ ಇಲ್ಲದೆ ಡಿಕಾಕ್ಷನ್‌ಗೆ ಆ ಬಣ್ಣ, ಆ ಗಟ್ಟಿತನ ಎಲ್ಲಿಂದ ಬರಬೇಕು? ಪುಡಿ ಬೆಲೆ ಈ ಪಾಟಿ ಏರಿರುವಾಗ ಬರೀ ಬೀಜದ ಪುಡಿ ಕೊಳ್ಳಲು ಎಲ್ಲರಿಗೂ ತೋಟ ಇದೆಯೇ?

ಮಲೆನಾಡ ತೋಟ
ಬೆಲೆ ಏರಿದಾಗ ಮಾತ್ರ ನಿಮಗೆ ಬೆಳೆಗಾರ ನೆನಪಾಗುತ್ತಾನೆ. ಬಿದ್ದಾಗ ಎಲ್ಲಿದ್ದಿರಿ? ಕಾಯಿಕೊರಕ ಬಂದಾಗ ಎಲ್ಲಿದ್ದಿರಿ?

ತುಮಕೂರು ಟೀಚರ್
ಥೈರಾಯ್ಡ್ ಮಾತ್ರೆಯ ಜತೆ ಕಾಫಿ ಕುಡಿಯಬಹುದೇ? ಅದನ್ನು ಯಾರೂ ಹೇಳಲಿಲ್ಲ.

ಅರ್ಧ ಲೋಟ
ಜತೆಗೆ ಬೇಡ. ಕಾಫಿ ಮಾತ್ರೆಯನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ನಾನು ಒಂದು ವರ್ಷ ಕಾಫಿಯಲ್ಲೇ ನುಂಗಿದೆ. ಮಾತ್ರೆ ಸಾಲದಿದ್ದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ 9ಕ್ಕೆ ಹೋಯಿತು, ಡೋಸ್ ಎರಡು ಸಲ ಏರಿಸಿದರು. ಈಗ ಐದೂವರೆಗೆ ನೀರಿನಲ್ಲಿ ಮಾತ್ರೆ, ಆರೂವರೆಗೆ ಕಾಫಿ. ಆ ಒಂದು ಗಂಟೆ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ.

ಮೈಸೂರು 60:40
ತೋಟದವರೇ, ನಮ್ಮ ಮನೆಗೆ ಬನ್ನಿ. ಒಂದು ಲೋಟ ಕುಡಿದು ಆಮೇಲೆ ಮಾತಾಡಿ. ಮೂವತ್ತು ವರ್ಷದಿಂದ ಇದೇ ಪುಡಿ. ನನ್ನ ತೂಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಬೆಣ್ಣೆದೋಸೆ ಬಿಟ್ಟವನು
ಸಕ್ಕರೆ ಎಷ್ಟು ಚಮಚ?

ಮೈಸೂರು 60:40
ಎರಡು. ಸಕ್ಕರೆ ಇಲ್ಲದ ಮೇಲೆ ಅದೆಂಥ ಕಾಫಿ?