ಊರ ಕೆರೆಯಲ್ಲಿ ಮಕ್ಕಳನ್ನು ಈಜಲು ಬಿಡಬಹುದಾ? (ನೀರು ಪರೀಕ್ಷೆ ಮಾಡುವವರನ್ನು ಕೇಳಿ)

ಪ್ರಶ್ನೆ: ನಮಸ್ಕಾರ ಮೇಡಂ. ತುಮಕೂರು ಕಡೆಯ ಹಳ್ಳಿ ನಮ್ಮದು. ಹೋದ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದಿತ್ತು, ಈಗಲೂ ಅರ್ಧ ನೀರಿದೆ. ರಜೆಗೆ ಬಂದಿರುವ ಅಕ್ಕನ ಮಕ್ಕಳಿಗೆ ಈಜು ಕಲಿಯಬೇಕಂತೆ. ನಾವೆಲ್ಲ ಸೋರೆ ಬುರುಡೆ ಕಟ್ಟಿಕೊಂಡು ಅಲ್ಲೇ ಕಲಿತವರು. ಆದರೆ ಈಗ ನೀರು ಹಸಿರಾಗಿದೆ. ಟೆಸ್ಟ್ ಮಾಡಿಸಬೇಕಾ?

ಉತ್ತರ: ಮೊದಲು ಒಂದು ಕಡ್ಡಿ ಅದ್ದಿ ಎತ್ತಿ ನೋಡಿ. ಕೂದಲಿನ ಹಾಗೆ ಎಳೆ ಎಳೆಯಾಗಿ ಸುತ್ತಿಕೊಂಡು ಬಂದರೆ ಅದು ಹೆಚ್ಚಾಗಿ ಮಾಮೂಲಿ ಪಾಚಿ, ಅದರಿಂದ ವಿಷದ ಭಯ ಕಡಿಮೆ. ಪೇಂಟ್ ಡಬ್ಬಿಯಲ್ಲಿ ಅದ್ದಿದ ಹಾಗೆ ಹಸಿರು ಮೆತ್ತಿಕೊಂಡರೆ ನೀಲಿ-ಹಸಿರು ಪಾಚಿ ಇರಬಹುದು. ಗದ್ದೆಯ ಗೊಬ್ಬರ, ಚರಂಡಿ ನೀರು ಸೇರಿ, ಮೇಲೆ ಬಿಸಿಲು ಬಿದ್ದರೆ ಇದು ಜಾಸ್ತಿಯಾಗುತ್ತದೆ. ಇದರಲ್ಲಿ ಕೆಲವು ಜಾತಿಗಳು ವಿಷ ಬಿಡುತ್ತವೆ. ಮೈ ತುರಿಕೆ, ಕಣ್ಣುರಿ ಬರುತ್ತದೆ. ನೀರು ಹೊಟ್ಟೆಗೆ ಹೋದರೆ ವಾಂತಿ, ಭೇದಿ. ಗಾಳಿ ನೀರನ್ನು ತಳ್ಳಿಕೊಂಡು ಹೋಗುವ ಕಡೆಯ ದಡದಲ್ಲಿ ಕೆನೆ ಕಟ್ಟಿರುತ್ತದೆ, ಅಲ್ಲೇ ನೋಡಿ. ಕೆನೆ ಇದ್ದರೆ ಮಕ್ಕಳೂ ಬೇಡ, ದನಗಳೂ ಬೇಡ.

ಟೆಸ್ಟ್ ಮಾಡಿಸಿ, ಬೇಡ ಅನ್ನಲ್ಲ. ಸ್ನಾನಕ್ಕೆ ಆಗುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಬಿ' ದರ್ಜೆ ಇದೆ: 100 ಮಿಲಿ ನೀರಿನಲ್ಲಿ ಕೋಲಿಫಾರ್ಮ್ (ಕೊಳಚೆ ಸೇರಿದೆಯಾ ಅಂತ ತೋರಿಸುವ ಬ್ಯಾಕ್ಟೀರಿಯಾ) 500 ದಾಟಬಾರದು, ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಆದರೂ ಇರಬೇಕು. ಲ್ಯಾಬಿನವರು ಕೊಡುವ ಶುದ್ಧ ಬಾಟಲಿಯಲ್ಲೇ ನೀರು ಹಿಡಿದು, ಐಸ್ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಿ. ಜ್ಯೂಸ್ ಬಾಟಲಿ ತೊಳೆದು ತುಂಬಿ ತರುವವರೇ ಜಾಸ್ತಿ. ಆ ರಿಪೋರ್ಟ್ ನಂಬಲಾಗಲ್ಲ. ಇನ್ನೊಂದು, ರಿಪೋರ್ಟ್ ಆ ದಿನದ ನೀರಿಗೆ ಮಾತ್ರ. ಒಂದು ಜೋರು ಮಳೆ ಬಂದರೆ ಊರಿನ ಕೊಳೆಯೆಲ್ಲ ಕೆರೆಗೇ ಬರುತ್ತದೆ, ಆಮೇಲೆ ಎರಡು ಮೂರು ದಿನ ಇಳಿಯಬೇಡಿ. ನಾನಾದರೆ ದುಡ್ಡು ಕಟ್ಟುವ ಮೊದಲು ಕೆರೆ ಸುತ್ತ ಒಂದು ಸುತ್ತು ಹಾಕುತ್ತೇನೆ. ಚರಂಡಿ ಬಂದು ಸೇರುತ್ತಿದ್ದರೆ ಟೆಸ್ಟೇ ಬೇಡ, ಆ ನೀರಿಗೆ ಇಳಿಯುವುದೇ ಬೇಡ.

ಇನ್ನೊಬ್ಬರು: ಕೇರಳದ ಮೆದುಳು ತಿನ್ನುವ ಅಮೀಬಾ ಇಲ್ಲೂ ಇರುತ್ತಾ ಮೇಡಂ?

ಉತ್ತರ: ಬೆಚ್ಚಗಿನ ನಿಂತ ಸಿಹಿನೀರಿನಲ್ಲಿ ಎಲ್ಲಿ ಬೇಕಾದರೂ ಇರಬಹುದು. ಕಾಯಿಲೆ ತೀರಾ ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಅದು ಮೈಯೊಳಗೆ ಹೋಗುವುದು ಮೂಗಿನಿಂದ, ಕುಡಿದರೆ ಬರಲ್ಲ. ಹಾಗಾಗಿ ಡೈವ್ ಹೊಡೆಯುವುದು, ತಳದ ಕೆಸರು ಕಲಕುವುದು ಬೇಡ. ಈಜಿದ ಹತ್ತು ಹನ್ನೆರಡು ದಿನದೊಳಗೆ ಜ್ವರ, ಜೋರು ತಲೆನೋವು, ವಾಂತಿ ಬಂದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಕೆರೆಯಲ್ಲಿ ಈಜಿದ್ದನ್ನು ಮರೆಯದೆ ಹೇಳಿ. ಇದಕ್ಕಿಂತ ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಇಲಿ ಜ್ವರ, ಅದರ ರೋಗಾಣು ಗಾಯದ ಮೂಲಕ ಒಳಗೆ ಹೋಗುತ್ತದೆ. ಕಾಲಲ್ಲಿ ಗಾಯ ಇದ್ದರೆ ನೀರಿಗೆ ಇಳಿಸಲೇಬೇಡಿ.

ಮತ್ತೊಬ್ಬರು: ನಮ್ಮ ಕೆರೆ ಹೂಳೆತ್ತಿಸಿದ್ದಾರೆ, ನೀರು ಕನ್ನಡಿ ಥರ ಇದೆ. ಧೈರ್ಯವಾಗಿ ಇಳಿಯಬಹುದು ಅಲ್ವಾ?

ಉತ್ತರ: ನನಗೆ ಜಾಸ್ತಿ ಭಯ ಅಂಥ ಕೆರೆಯದ್ದೇ. ಹಳೇ ಕೆರೆಯ ಅಂಗಳ ನಿಧಾನವಾಗಿ ಇಳಿಜಾರಾಗುತ್ತದೆ. ಜೆಸಿಬಿ ತೋಡಿದ ಗುಂಡಿ ಹಾಗಲ್ಲ. ಮೊಣಕಾಲುದ್ದ ನೀರು, ಮುಂದಿನ ಹೆಜ್ಜೆಗೆ ತಲೆ ಮುಳುಗುತ್ತದೆ. ಅಂಚಿನ ಮಣ್ಣೂ ಕುಸಿಯುತ್ತದೆ. ಮಣ್ಣು ಹೊಡೆದ ಟ್ರ್ಯಾಕ್ಟರಿನವರನ್ನು ಕೇಳಿ, ಗುಂಡಿ ಎಲ್ಲೆಲ್ಲಿ ಅಂತ ಅವರಿಗೆ ಗೊತ್ತಿರುತ್ತದೆ. ತೂಬಿನ ಹತ್ತಿರವೂ ಬಿಡಬೇಡಿ, ತೆರೆದಿದ್ದರೆ ಎಳೆದುಕೊಳ್ಳುತ್ತದೆ. ಈಜು ಬಲ್ಲ ದೊಡ್ಡವರೊಬ್ಬರು ಮಕ್ಕಳ ಜೊತೆ ನೀರಲ್ಲೇ ಇರಲಿ. ಏರಿ ಮೇಲೆ ಮೊಬೈಲ್ ಹಿಡಿದು ಕೂರುವುದು ಲೆಕ್ಕಕ್ಕಿಲ್ಲ.