ಅಪ್‌ಡೇಟ್: ಲೋಗೋದಲ್ಲೇ ನಿಂತಿದ್ದ ಫೋನ್ ಕೊನೆಗೂ ಆನ್ ಆಯ್ತು

ಲಿನೇಜ್‌ಓಎಸ್ (ಕಂಪನಿ ಕೊಟ್ಟಿದ್ದರ ಬದಲು ಹಾಕ್ಕೊಳ್ಳೋ ಆಂಡ್ರಾಯ್ಡ್ ಆಧಾರದ ಓಎಸ್) ಹಾಕಿದ್ಮೇಲೆ ಫೋನ್ ಲೋಗೋ ದಾಟಿ ಮುಂದಕ್ಕೇ ಹೋಗ್ತಿಲ್ಲ ಅಂತ ಕೇಳಿದ್ನಲ್ಲ, ಈಗ ಸರಿಹೋಯ್ತು. ಕ್ಯಾಶ್ ವೈಪ್ (ತಾತ್ಕಾಲಿಕ ಫೈಲ್ ಅಳಿಸೋದು) ಮಾಡಿ ಅಂದಿದ್ರಿ, ಏನೂ ಆಗ್ಲಿಲ್ಲ, ಕೇಬಲ್ ಬದಲಾಯಿಸಿ ಮತ್ತೆ ಫ್ಲ್ಯಾಶ್ ಮಾಡಿದ್ರೂ (ಓಎಸ್ ಮತ್ತೆ ಹಾಕಿದ್ರೂ) ಅದೇ ಕಥೆ. ವರ್ಕ್ ಆಗಿದ್ದು ರಿಕವರಿಯಲ್ಲಿ (ಓಎಸ್ ಆನ್ ಆಗದಿದ್ರೂ ತೆರೆಯೋ ರಿಪೇರಿ ಮೆನು) 'ಫಾರ್ಮ್ಯಾಟ್ ಡೇಟಾ' ಕೊಡಿ ಅಂದವ್ರ ಸಲಹೆ. ಹಳೇ ಸಾಫ್ಟ್‌ವೇರ್ ಡೇಟಾನೆಲ್ಲ ಎನ್‌ಕ್ರಿಪ್ಟ್ ಮಾಡಿಟ್ಟಿರುತ್ತಂತೆ, ಹೊಸ ಓಎಸ್‌ಗೆ ಅದನ್ನ ಓದಕ್ಕಾಗಲ್ಲ, ಅದಕ್ಕೇ ಬೂಟ್ ಅಲ್ಲೇ ಸಿಕ್ಕಾಕೊಳ್ಳೋದು. ಫೋಟೋ ಗೀಟೋ ಎಲ್ಲಾ ಅಳಿಸಿಹೋಗುತ್ತೆ, ಬ್ಯಾಕಪ್ ಮೊದ್ಲೇ ತಗೊಂಡಿರಿ.

ಮಜಾ ಅಂದ್ರೆ ಎಡಿಬಿ ಸೈಡ್‌ಲೋಡ್ (ಕಂಪ್ಯೂಟರಿಂದ ಕೇಬಲಲ್ಲಿ ಓಎಸ್ ಫೈಲ್ ಫೋನಿಗೆ ಕಳ್ಸಿ ಹಾಕೋದು) ಮಾಡುವಾಗ ಕಂಪ್ಯೂಟರ್‌ನಲ್ಲಿ 47% ಗೆ ನಿಂತ್ಬಿಡ್ತು, ಕೆಟ್ಟೋಯ್ತು ಅಂತ ಕೇಬಲ್ ಕಿತ್ಬಿಡೋರೂ ಇರ್ತಾರೆ, ಆದ್ರೆ ಫೋನ್ ಸ್ಕ್ರೀನಲ್ಲಿ 'ಸ್ಟೇಟಸ್ 0' ಅಂತ ಬಂದಿದ್ರೆ ಇನ್‌ಸ್ಟಾಲ್ ಸರಿಯಾಗೇ ಆಗಿದೆ ಅಂತರ್ಥ. ಗೂಗಲ್ ಆ್ಯಪ್ಸ್ ಬೇಕಿದ್ರೆ ಫಸ್ಟ್ ಬೂಟ್‌ಗೆ ಮುಂಚೆನೇ ಹಾಕ್ಬೇಕು, ಎ/ಬಿ ಸ್ಲಾಟ್ (ಓಎಸ್ ಇಡೋಕೆ ಎರಡು ಜಾಗ) ಇರೋ ಫೋನಾದ್ರೆ ಓಎಸ್ ಹಾಕಿದ್ಮೇಲೆ ಒಂದ್ಸಲ ರಿಕವರಿಗೇ ರೀಬೂಟ್ ಮಾಡ್ಕೊಂಡು ಆಮೇಲೆ ಹಾಕಿ.

ರೂಟ್‌ಗೆ (ಫೋನ್ ಮೇಲೆ ಪೂರ್ತಿ ಹಿಡಿತ ಸಿಗೋದಕ್ಕೆ) ಮ್ಯಾಜಿಸ್ಕ್ ಅನ್ನೋ ಟೂಲ್ ಹಾಕ್ದೆ. ಅದು ತಿದ್ದೋ ಬೂಟ್ ಇಮೇಜ್ (ಫೋನ್ ಆನ್ ಮಾಡೋ ಫೈಲ್) ಮಾತ್ರ ಈಗ ಹಾಕಿರೋ ಓಎಸ್‌ನ ಅದೇ ಬಿಲ್ಡ್‌ನದ್ದೇ ಆಗಿರ್ಬೇಕು. ಫೋನ್ ಹೀಗೆ ಬದಲಾಯಿಸಿದ್ಮೇಲೆ ಒಂದು ಬ್ಯಾಂಕ್ ಆ್ಯಪ್ ಇನ್ನೂ ತಕರಾರು ಮಾಡ್ತಿದೆ, ಸದ್ಯಕ್ಕೆ ಬ್ರೌಸರಲ್ಲೇ ಕೆಲಸ ನಡೀತಿದೆ.